ಸಂಕಲ್ಪ ಯಜಮಾನರದು, ನಡಿಗೆ ಭಟ್ಟರದು

ನಮ್ಮ ನಿಮ್ಮ ಊರಿನಂಥದೇ ಒಂದು ಊರು. ಅಲ್ಲೊಬ್ಬ ಶ್ರೀಮಂತ. ಅವನಿಗೆ ಎಲ್ಲ ಇತ್ತು, ಒಂದು ಕಡೆ ಕೂರುವ ಶಕ್ತಿಯೊಂದಿರಲಿಲ್ಲ. ಕೂತರೆ ಮೊಣಕಾಲು ಕುಣಿಯುತ್ತಿತ್ತು. ಕಾಲು ಸುಮ್ಮನಾದರೆ ಬಾಯಿ ಶುರುವಾಗುತ್ತಿತ್ತು. ಒಂದು ಕೈಯಲ್ಲಿ ಮಂಗಳಾರತಿ ಎತ್ತುತ್ತಲೇ ಇನ್ನೊಂದು ಕೈಯ ಫೋನಿನಲ್ಲಿ ಸಿಮೆಂಟಿನ ಲಾರಿ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದ. ದೇವರು, ಪಾಪ, ಕಾಯುತ್ತಿದ್ದ.

ನೋಡಿ, ಇಷ್ಟೇ ಆಗಿದ್ದರೆ ದೇವರಿಗಷ್ಟೇ ತೊಂದರೆ. ಆದರೆ ದೊಡ್ಡ ಮಗಳ ಮದುವೆ ಬಂತು. ಧಾರೆಯ ಹೊತ್ತು, ಕೈಯಲ್ಲಿ ಗಿಂಡಿ, ವಾಲಗ ಜೋರಾಗಿದೆ. ಹಿಂದಿನಿಂದ ಯಾರೋ, “ಪಾಯಸ ಸಾಲಲ್ವಂತೆ” ಎಂದರು. ಇವನು ಗರ್ರನೆ ತಿರುಗಿ ಗದರಿದ. ಧಾರೆಯ ನೀರು ಅರ್ಧ ಪುರೋಹಿತರ ಮಡಿಲಿಗೆ, ಅರ್ಧ ಅಳಿಯನ ಹೊಸ ವಾಚಿಗೆ. ಮಗಳ ಕೈಗೆ? ಒಂದು ಹನಿಯಿಲ್ಲ.

ಈಗ ಕಿರಿಯವಳ ಮದುವೆಗೆ ಎರಡು ತಿಂಗಳಿತ್ತು. ಅವಳು ಹೇಳಿಯೇಬಿಟ್ಟಳು: “ಅಪ್ಪಾ, ಗಿಂಡಿ ಸೋದರಮಾವನ ಕೈಗೆ ಕೊಡ್ತೀನಿ. ನೀವು ಪಾಯಸ ನೋಡ್ಕೊಳಿ.”

ಹೆತ್ತ ತಂದೆಗೆ ಈ ಮಾತು ನಾಟದೇ ಇರುತ್ತದೆಯೇ? ಗರಡಿಮನೆಯ ಹಳೆಯ ಉಸ್ತಾದರ ಬಳಿಗೆ ಓಡಿದ. “ಮನಸ್ಸು ನಿಲ್ಲಲ್ಲ, ಕೈ ನಡುಗುತ್ತೆ. ಏನಾದ್ರೂ ಮಾಡಿ.”

ಉಸ್ತಾದರು ಒಂದು ಚೊಂಬಿನ ತುಂಬ ನೀರು ತುಂಬಿದರು. “ನರಕ್ಕೆ ಬಾಯಲ್ಲಿ ಬುದ್ಧಿ ಹೇಳಿದ್ರೆ ಕೇಳಲ್ಲ ಯಜಮಾನ್ರೇ, ಕಾಲಲ್ಲಿ ಹೇಳ್ಬೇಕು. ಅಂಗೈ ಮೇಲೆ ಚೊಂಬು, ಕಣ್ಣು ನೀರಿನ ಮೇಲೆ. ಮುಂದಿನ ಕಾಲಿನ ಹಿಮ್ಮಡಿಗೆ ಹಿಂದಿನ ಕಾಲಿನ ಹೆಬ್ಬೆರಳು ತಾಗಿಸಿ ನಡೀರಿ, ಉಸಿರು ಉದ್ದಕ್ಕೆ ಬಿಡಿ. ದಿನಾ ಅಂಗಳದಲ್ಲಿ ಇಪ್ಪತ್ತೊಂದು ಸುತ್ತು.”

ಇವನು ಮನೆಗೆ ಬಂದು ಏನು ಮಾಡಿದ ಗೊತ್ತೇ? ದೇವರ ಮುಂದೆ ನಿಂತು ಹೆಸರು, ಗೋತ್ರ ಹೇಳಿ ಸಂಕಲ್ಪ ಮಾಡಿದ. ನಡೆಯುವ ಕೆಲಸವನ್ನು ಅಡುಗೆಭಟ್ಟರಿಗೆ ವಹಿಸಿದ. “ನವಗ್ರಹ ಜಪಾನೇ ಬೇರೆಯವರ ಕೈಲಿ ಮಾಡಿಸ್ತೀವಿ, ಇದೇನು ಮಹಾ?”

ಭಟ್ಟರು ನಿಷ್ಠರು. ತಿಂಗಳ ಕಾಲ ಯಜಮಾನರ ಹೆಸರಿನಲ್ಲಿ ಸುತ್ತಿದರು. ಹಾಲಿನವನ ಜೊತೆ ದಿನಾ ಜಗಳವಾಡುತ್ತಿದ್ದವರು ಈಗ ಒಂದು ಉಸಿರು ಬಿಟ್ಟು, ನಕ್ಕು, ಪಾತ್ರೆ ಹಿಡಿಯುತ್ತಿದ್ದರು. ಎಲೆಗೆ ಸಾರು ಬಡಿಸಿದರೆ ಅನ್ನದ ಗುಳಿಗೇ ಬೀಳುತ್ತಿತ್ತು, ಹಪ್ಪಳ ನೆನೆಯುತ್ತಿರಲಿಲ್ಲ. ಶ್ರೀಮಂತನ ಕೈ? ಮೊದಲಿನಂತೆಯೇ ತಾಳ ಹಾಕುತ್ತಿತ್ತು.

ಸಿಟ್ಟಾಗಿ ಮತ್ತೆ ಗರಡಿಗೆ ಹೋದ. “ತಿಂಗಳಾಯ್ತು, ಫಲ ಬರಲಿಲ್ಲ!”

ಉಸ್ತಾದರು ಎಲ್ಲ ವಿಚಾರಿಸಿ ತಿಳಿದುಕೊಂಡರು. “ಬಂದಿದೆಯಲ್ಲ ಯಜಮಾನ್ರೇ, ನಿಮ್ಮ ಅಡುಗೆಮನೆಗೆ ಬಂದಿದೆ. ಧಾರೇನೂ ಭಟ್ಟರ ಕೈಲೇ ಎರೆಸಿಬಿಡಿ.”

ಅವತ್ತೇ ಶ್ರೀಮಂತ ಚೊಂಬು ಹಿಡಿದ. ಮೊದಲ ದಿನ ನೀರೆಲ್ಲ ಪಂಚೆಗೆ. ಪಕ್ಕದಲ್ಲಿ ಭಟ್ಟರು: “ಉಸಿರು ಬಿಡಿ ಯಜಮಾನ್ರೇ, ಬೈಗುಳ ಬೇಡ.” ಒಂದು ದಿನವೂ ತಪ್ಪಿಸದೆ ನಡೆದ. ಅಪ್ಪನ ಒದ್ದೆ ಪಂಚೆ ನೋಡಿ ನೋಡಿ ಕಿರಿಯವಳು ಸೋತಳು. ಗಿಂಡಿ ಅವನಿಗೇ ಸಿಕ್ಕಿತು.

ಮುಹೂರ್ತ. ವಾಲಗ. ಹಿಂದಿನಿಂದ ಮತ್ತೆ ಅದೇ ದನಿ: “ಪಾಯಸ ಸಾಲಲ್ವಂತೆ.” ಮೊಣಕಾಲು ಮಿಸುಕಿತು. ಕತ್ತು ತಿರುಗಲು ಹೊರಟಿತ್ತು. ಅವನು ಎರಡೂ ಅಂಗಾಲುಗಳನ್ನು ನೆಲಕ್ಕೆ ಊರಿದ, ಉದ್ದಕ್ಕೆ ಉಸಿರು ಬಿಟ್ಟ, ನೀರನ್ನು ನೋಡಿದ. ಧಾರೆ ಸಣ್ಣ ದಾರದಂತೆ ಮಗಳ ಬೊಗಸೆಗೇ ಇಳಿಯಿತು. ಅವಳು ತಲೆ ತಗ್ಗಿಸಿಯೇ ಹೇಳಿದಳು: “ಸಾಕಪ್ಪಾ, ಕೈ ತುಂಬ್ತು.”

ಪಾಯಸ ನಿಜವಾಗಿಯೂ ಸಾಲಲಿಲ್ಲ. ಯಾರೂ ಸಾಯಲಿಲ್ಲ.

ನಗುತ್ತಿದ್ದೀರಿ. ನಾವೇನು ಕಡಿಮೆಯೇ? ಮಗನ ಏಕಾಗ್ರತೆಗೆ ತಾಯಿ ಹರಕೆ ಹೊರುತ್ತಾಳೆ. ಮೊಮ್ಮಗಳನ್ನು ಯೋಗದ ಕ್ಲಾಸಿಗೆ ಬಿಟ್ಟು ಅಜ್ಜ ಕಾರಿನಲ್ಲಿ ಕೂತು ಕಾಲು ಅಲ್ಲಾಡಿಸುತ್ತಾನೆ. ಅಲ್ಲಿ ಸಭೆಯ ಹಿಂದೆ ಕಂಬಕ್ಕೆ ಒರಗಿದ ಯಜಮಾನರೇ, ನಿಮಗೆ ಹೇಳಿದ್ದಲ್ಲ. ಆದರೂ ಮೊಣಕಾಲು ನಿಲ್ಲಿಸಿದಿರಲ್ಲ, ಸಂತೋಷ.

ನಾಳೆ ಬೆಳಿಗ್ಗೆ ನಿಮ್ಮ ಕುಡಿಯುವ ನೀರನ್ನು ನೀವೇ ಲೋಟದ ತುಂಬ ತುಂಬಿಸಿ, ಚೆಲ್ಲದಂತೆ, ಮೆಲ್ಲಗೆ ತನ್ನಿ. ಫೋನು ಅಡುಗೆಮನೆಯಲ್ಲೇ ಇರಲಿ. ಸಿಟ್ಟು ಬಂದಾಗ ಮೊದಲು ಅಂಗಾಲು ಊರಿ, ಉಸಿರು ಬಿಡಿ, ಮಾತು ಆಮೇಲೆ. ನಾಳೆಯವರೆಗೂ ಯಾಕೆ? ಈಗಲೇ ಹೊರಗೆ ಹೋಗುವಾಗ ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಮೆಟ್ಟಿ. ಮಂಡಿ ನೋವಿದ್ದವರು ಕಂಬ ಹಿಡಿಯಿರಿ, ಹೆಂಡತಿಯನ್ನಲ್ಲ. ಡ್ರೈವರ್ ಬಂದು ಬಗ್ಗಿ ತೊಡಿಸಿದನೋ, ಇವತ್ತಿನ ಪ್ರವಚನದ ಫಲ ಪೂರ್ತಿ ಅವನದೇ.