ಶುಂಠಿ ಲೋಡು

ಹಳೇಬೀಡಿನ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನ ಮುಂದೆ ಹಳೆಯ ಪಿಕಪ್ ಒಂದು ಬಾನೆಟ್ ತೆರೆದುಕೊಂಡು ತಣ್ಣಗಾಗುತ್ತಿತ್ತು. ಬೇಲೂರಿನ ಬಸ್ಸಿಗೆ ಕಾದಿದ್ದ ಮೇಘಶ್ರೀ ಕಣ್ಣನ್ನು ಪುಸ್ತಕದಲ್ಲಿಟ್ಟು ಕಿವಿಯನ್ನು ಅತ್ತ ಕೊಟ್ಟಿದ್ದಳು. ಗಾಡಿಯ ಒಡತಿ ಸುವರ್ಣಮ್ಮ, ಅದನ್ನು ಓಡಿಸುವ ಅಳಿಯ ಇಂದ್ರೇಶ್, ಇಬ್ಬರೇ ಮಾತಾಡುತ್ತಿದ್ದರು.

“ಇಂಜಿನ್ ಹೋಯ್ತು ಅತ್ತೆ. ಮೈಲಿಗೊಂದ್ಸಲ ಕಾಯ್ತೈತೆ. ನನ್ನ ಫ್ರೆಂಡ್ ಕೇಳ್ತಾವ್ನೆ, ಕೊಟ್ಬಿಡಾಣ.”

“ಮನೆ ನಡೀತಿರೋದೇ ಇದ್ರಿಂದ. ಕೆಟ್ಟೋಗಿರೋ ಗಾಡಿ ಮೇಲೆ ನಿಮ್ಮ ಫ್ರೆಂಡಿಗ್ಯಾಕೆ ಅಷ್ಟೊಂದು ಆಸೆ?”

“ಗುಜರಿಗೆ ಅತ್ತೆ.”

“ರೇಡಿಯೇಟರಲ್ಲಿ ನೀರೈತಾ?”

“ತುಂಬೈತೆ. ಫ್ಯಾನೂ ತಿರುಗ್ತೈತೆ.”

ಸುವರ್ಣಮ್ಮ ಬಗ್ಗಿ ರೇಡಿಯೇಟರಿನ ಮುಂಭಾಗವನ್ನು ಕಡ್ಡಿಯಿಂದ ಕೆರೆದರು. ಕಂದು ಹುಡಿ ಉಂಡೆಯಾಗಿ ಕೈಗೆ ಬಂತು.

“ಇದೇನು ಅಳಿಯಂದ್ರೇ?”

“ರಸ್ತೆ ಧೂಳು.”

“ತೆಂಗಿನ ನಾರು ಕಣ್ರೀ. ಗಾಳಿಯಾಡೋ ಸಂದೆಲ್ಲ ಮುಚ್ಚೋಗೈತೆ. ದಿನಾ ಶುಂಠಿ ಲೋಡು ಅಂತಿದ್ರಿ?”

“ಶುಂಠೀಲೂ ನಾರಿರ್ತದೆ ಅತ್ತೆ.”

“ಓಹೋ! ಪೈಪ್ ತಗೊಳ್ಳಿ. ಒಳಗಡೆಯಿಂದ ಮುಂದಕ್ಕೆ ನೀರು ಬಿಡಿ.”

ಕಂದು ನೀರು ತಿಳಿಯಾಗುವವರೆಗೂ ಇಂದ್ರೇಶ್ ತೊಳೆದ. ಆಮೇಲೆ ಇಂಜಿನ್ ಶುರುಮಾಡಿ, ಇಬ್ಬರೂ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತ ಕೂತರು. ಅದು ಅರ್ಧಕ್ಕೆ ಏರಿ ಅಲ್ಲೇ ನಿಂತಿತು.

“ನಿಂತ್ಕೊಳ್ತಲ್ಲ?”

“ಈಗೇನೋ ನಿಂತೈತೆ...”

“ನಿಮ್ಮ ಫ್ರೆಂಡು ನಾರಿನ ಫ್ಯಾಕ್ಟ್ರಿಯೋರೇನು?”

ಇಂದ್ರೇಶ್ ಇಳಿದುಹೋಗಿ ಬಾನೆಟ್ ಮುಚ್ಚಿ ಬಂದ.

“ಫ್ಯಾಕ್ಟ್ರಿ ಅರಸೀಕೆರೆ ರೋಡಲ್ಲಿ ಐತೆ ಅತ್ತೆ.”

“ಅಲ್ಲಿಗೇ ನಡೀರಿ. ಗಾಡಿ ಕೊಡಲ್ಲ ಅಂತ ನಾನೇ ಹೇಳ್ತೀನಿ. ದಾರೀಲಿ ಮತ್ತೆ ಕಾದ್ರೆ, ನಿಮ್ಮ ಶುಂಠಿ ಹಾಕಿ ಕಷಾಯ ಕಾಯಿಸ್ಕೊಳ್ಳಾಣ.”

ಪಿಕಪ್ ಅರಸೀಕೆರೆಯ ಕಡೆಗೆ ತಿರುಗಿತು.