ಅತ್ತೆಯ ತುಟಿ, ಕೂಸಿನ ಕಿವಿ

ಮುನವಳ್ಳಿ ಬಸ್ಸಿನಲ್ಲಿ ಕೂತಿದ್ದ ಕೃಷ್ಣವ್ವನ ತುಟಿಯ ಮೇಲೆ ಸವದತ್ತಿ ಗುಡ್ಡದಷ್ಟು ಎತ್ತರದ ಜ್ವರದ ಗುಳ್ಳೆ ಎದ್ದಿತ್ತು. ತಮ್ಮನಿಗೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಕೂಸಿನ ಕಿವಿಯಲ್ಲಿ ಇವತ್ತು ನಾಮಕರಣದಲ್ಲಿ ಹೆಸರು ಕೂಗಬೇಕಾದವಳು ಅವಳೇ. ಪಕ್ಕದಲ್ಲಿದ್ದ ತಂಗಿ ಅನ್ನಪೂರ್ಣಾ ಬಿಡಲೊಲ್ಲಳು.

"ಅಕ್ಕಾ, ಗುಳ್ಳಿ ಒಣಗಿ ಹಕ್ಕಳಿ ಉದುರೂ ತನಕ ಕೂಸಿನ ಹತ್ರ ಬಾಯಿ ಒಯ್ಯಬ್ಯಾಡ ಅಂದಾರ ಡಾಕ್ಟರು."

"ಮುಲಾಮ ಹಚ್ಚೇನಲ್ಲ!"

"ಹಚ್ಚಿದ್ರೂ ಅಂಟತೈತಿ. ಹದಿಮೂರು ದಿನದ ಕೂಸು, ಜೀವಕ್ಕ ಅಪಾಯ."

"ಹಿರೇ ಅತ್ತಿ ನಾ. ನಾ ಕೂಗದ ಮತ್ಯಾರು ಕೂಗಬೇಕ?"

"ನಾನೂ ಅತ್ತಿನ ಅಲ್ಲೇನ?"

"ಹನ್ನೆರಡ ವರ್ಷ ಆ ಹೆಸರು ಬಾಯಾಗ ಇಟ್ಕೊಂಡೇನಿ."

"ಅದ ಬಾಯಿಗೇ ಗುಳ್ಳಿ ಎದ್ದೈತಲ್ಲ."

ಇಡೀ ಬಸ್ಸು ಉಸಿರು ಬಿಗಿಹಿಡಿಯಿತು, ಎಂಜಿನ್ನೂ ಸೇರಿ. ಮುನವಳ್ಳಿ ಬಂತು. ಕೃಷ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು.

"ನೀನ ಕೂಗು. ಹೆಸರು ಕೂಗಾಗ ಶಾಸ್ತ್ರಕ್ಕಂತ ಎಲ್ಲಾರೂ ಅತ್ತಿ ಬೆನ್ನಿಗೆ ಗುದ್ದತಾರಲ್ಲ, ಮೊದಲನೇ ಗುದ್ದು ನಂದ. ತಯಾರಿರು."

ಇಬ್ಬರೂ ಇಳಿದು ಹೋದರು.