ಎಲ್ಲದಕ್ಕೂ ಆಗುವ ಒಂದು ಶಬ್ದ

ಗುರುವಾಯನಕೆರೆಯಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದ ರಾಮಪ್ರಸಾದರು, ಕೇಳಬಾರದೆಂದುಕೊಂಡೇ ಪಕ್ಕದ ಬೆಂಚಿನ ಮಾತಿಗೆ ಕಿವಿಗೊಟ್ಟಿದ್ದರು. ಅಮ್ಮಣ್ಣಿ ಎಂಬ ಮುದುಕಿ ಪರಿಚಯದ ಇಂಗ್ಲಿಷ್ ಟೀಚರ ಕೈ ಹಿಡಿದುಕೊಂಡಿದ್ದಳು.

“ಮಗಳು ತೀರಿಹೋದ ಮೇಲೆ ಅಳಿಯ ಅವಳ ಮಗುವನ್ನು, ನನ್ನ ಪುಳ್ಳಿಯನ್ನು, ಲಂಡನ್ನಿಗೆ ಕರಕೊಂಡು ಹೋದ. ಪುಳ್ಳಿಗೆ ಈಗ ತುಳು ಮರೆತೇಹೋಗಿದೆ. ಇವತ್ತು ಎರಡು ಗಂಟೆಗೆ ಫೋನು, ಹತ್ತೇ ನಿಮಿಷ. ಎಲ್ಲದಕ್ಕೂ ಆಗುವ ಒಂದು ಇಂಗ್ಲಿಷ್ ಶಬ್ದ ಕೊಡಿ ಟೀಚರ್.”

“ಹಾಗಾದರೆ ‘ಗೆಟ್’ ಕಲಿಯಿರಿ ಅಕ್ಕ.”

“ಅದು ಗೊತ್ತುಂಟು. ಗೆಟ್ ಔಟ್. ಅಳಿಯ ಹೇಳಿದ್ದು.”

“ಅದಲ್ಲ. ಎದ್ದೆಯಾ ಅಂತ ಕೇಳಲಿಕ್ಕೂ ಗೆಟ್, ಕಳಿಸಿದ್ದು ಸಿಕ್ಕಿತಾ ಅನ್ನಲಿಕ್ಕೂ ಗೆಟ್. ಜ್ವರ ಬೇಗ ಗುಣ ಆಗಲಿ ಅನ್ನಲಿಕ್ಕೂ ಅದೇ.”

“ನನ್ನ ಮೇಲೆ ಸಿಟ್ಟು ಬಂತಾ ಅನ್ನಲಿಕ್ಕೆ?”

“ಅದಕ್ಕೂ ಆಗ್ತದೆ.”

ಅಮ್ಮಣ್ಣಿ ಇನ್ನಷ್ಟು ಹತ್ತಿರ ಸರಿದಳು. “ನೀನು ನಕ್ಕರೆ ನಿನ್ನ ಅಮ್ಮನೇ ನಕ್ಕ ಹಾಗೆ ಆಗ್ತದೆ ಅನ್ನಲಿಕ್ಕೆ?”

ಟೀಚರು ಚೀಲದಿಂದ ಪೆನ್ನು ತೆಗೆದರು. “ಅದಕ್ಕೆ ಗೆಟ್ ಸಾಕಾಗುವುದಿಲ್ಲ ಅಕ್ಕ. ಬೇರೆ ಶಬ್ದ ತುಂಬ ಬೇಕು. ಕನ್ನಡ ಅಕ್ಷರದಲ್ಲಿ ಬರೆದುಕೊಡಲಾ?”

“ಓದಲಿಕ್ಕೆ ಬರುವುದಿಲ್ಲವಲ್ಲ.”

ಬೆಳ್ತಂಗಡಿ ಬಸ್ಸು ಬಂದು ನಿಂತಿತು. ಅಮ್ಮಣ್ಣಿ ಸೆರಗು ಸುತ್ತಿಕೊಂಡು ಎದ್ದಳು.

“ನನಗೆ ಹೇಳಲಿಕ್ಕೆ ಇದ್ದದ್ದು ಅದೊಂದೇ ಟೀಚರ್” ಎಂದು ಬಸ್ಸು ಹತ್ತಿದಳು.